ನಾಯಿಗೆ ದೃಷ್ಟಿ ತೆಗೆದ ಭಾನುವಾರ

ಜರ್ಮನಿಯ ಎಷ್‌ಬಾರ್ನಿನ ನಮ್ಮ ನೆಲಮಹಡಿಯ ಮನೆಗೆ ಅವಳು ಬಂದದ್ದು ಫೆಬ್ರುವರಿಯಲ್ಲಿ. ರುಮೇನಿಯಾದ ಯಾವುದೋ ಬೀದಿಯಲ್ಲಿ ಹಿಡಿದು, ವ್ಯಾನಿನಲ್ಲಿ ಹಾಕಿ ತಂದ ಕಂದು ಬಣ್ಣದ ಹೆಣ್ಣು ನಾಯಿ. ಪಂಜರದ ಬಾಗಿಲು ತೆಗೆದರೂ ಒಂದು ಗಂಟೆ ಹೊರಗೆ ಬರಲಿಲ್ಲ. ಬಂದವಳು ಸೋಫಾದ ಹಿಂದಿನ ಸಂದಿಗೆ ನುಗ್ಗಿದಳು. ಮೂರು ದಿನ ನಿದ್ದೆ, ಉಚ್ಚೆ ಎಲ್ಲ ಅಲ್ಲೇ.

ನಾನು ಬೆಳೆದ ಮೈಸೂರಿನ ಮನೆಯಲ್ಲಿ ನಾಯಿಯೆಂದರೆ ಗೇಟಿನಾಚೆಯ ಪ್ರಾಣಿ. ಅಂಥವನು ಇಂಥ ಹೆದರುಪುಕ್ಕಲಿಯನ್ನು ಯಾಕೆ ತಂದೆ? ಬೀದಿನಾಯಿಗಳ ಸಂಸ್ಥೆಯವರು ಹಾಕಿದ್ದ ಫೋಟೋದಲ್ಲಿ ಆ ಕಣ್ಣು ನೋಡಿ ಕರಗಿಹೋದೆ, ಅಷ್ಟೇ. ನಾನು ಪ್ರೀತಿ ಕೊಟ್ಟರೆ ಸರಿಹೋಗುತ್ತಾಳೆ ಅನ್ನುವ ಕೊಬ್ಬು ಬೇರೆ. ಹೆಂಡತಿ ಮೊದಲೇ ಅಂದಿದ್ದಳು, "ನಿಂಗೆ ಕುಂಡದ ಗಿಡಕ್ಕೆ ನೀರು ಹಾಕೋಕೇ ನೆನಪಿರಲ್ಲ. ಇದು ಜೀವ ಕಣೋ." ಕೇಳಿದರೆ ತಾನೇ!

ವಾರಕ್ಕೊಮ್ಮೆ ತರಬೇತಿಗೆ ಒಬ್ಬ ಜರ್ಮನ್ ಹೆಂಗಸು ಬರುತ್ತಿದ್ದರು. ಅರವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಮುಟ್ಟಬೇಡಿ, ಕಣ್ಣಿಗೆ ಕಣ್ಣು ಕೊಡಬೇಡಿ, ಕರೆಯಬೇಡಿ, ಬೆನ್ನು ಹಾಕಿ ನೆಲದ ಮೇಲೆ ಕೂತಿರಿ, ಅವಳಾಗಿಯೇ ಬರಲಿ ಅಂದರು. ಬೆಲ್ಟು ಹಾಕದೆ ಹೊರಬಾಗಿಲು ಮಾತ್ರ ತೆಗೆಯಲೇಬೇಡಿ, ಇಂಥ ನಾಯಿ ಓಡಿದರೆ ನಿಲ್ಲುವುದಿಲ್ಲ ಅಂತ ಪ್ರತಿ ಸಲವೂ ಹೇಳುತ್ತಿದ್ದರು.

ಹಾಗಾಗಿ ದಿನಾ ಸಂಜೆ ಆಫೀಸಿನಿಂದ ಬಂದು ಅಂಗೈಗೆ ಲೆಬರ್‌ವುರ್ಸ್ಟ್ ಬಳಿದುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದೆ. ಲಿವರನ್ನು ಅರೆದು ಮಾಡಿದ ಪೇಸ್ಟು ಅದು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಕೈ. ನಾತ ತಡೆಯಲಾರದೆ ಬಾಯಲ್ಲೇ ಉಸಿರಾಡುತ್ತಿದ್ದೆ, ಬೆನ್ನ ಹಿಂದೆ ಉಗುರಿನ ಸದ್ದು ಕೇಳಿದರೆ ಅಂಗೈಯನ್ನು ಇನ್ನಷ್ಟು ಹಿಂದಕ್ಕೆ ಚಾಚುತ್ತಿದ್ದೆ. ಅವಳು ನನ್ನವಳಾಗಬೇಕು, ನನಗೆ ಬೇಕಿದ್ದದ್ದು ಅದೊಂದೇ. ಜೂನ್ ತಿಂಗಳ ಒಂದು ಸಂಜೆ ಬಿಸಿ ನಾಲಿಗೆಯೊಂದು ಅಂಗೈಯನ್ನು ನೆಕ್ಕಿತು. ನಾಚಿಕೆಯಿಲ್ಲದೆ ಅತ್ತೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ನಾಯಿ ಕೈ ನೆಕ್ಕುವಾಗ ಹೆಂಡತಿ ತೆಗೆದಿದ್ದ ವಿಡಿಯೋವನ್ನು ಮನೆಯವರ ಗ್ರೂಪಿಗೆಲ್ಲ ಹಾಕಿದೆ. ಅತ್ತೆ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲರೂ ನೋಡಿ ಹೊಗಳಿದ್ದೇ ಹೊಗಳಿದ್ದು. ಅದಾದ ಮಾರನೇ ದಿನದಿಂದ ಅವಳು ಊಟ ಬಿಟ್ಟಳು. ಇಂಥ ನಾಯಿಗಳು ಒಂದು ಹೆಜ್ಜೆ ಮುಂದೆ ಬಂದು ಎರಡು ಹೆಜ್ಜೆ ಹಿಂದೆ ಹೋಗುವುದು ಮಾಮೂಲು, ಕಾಯಿರಿ ಅಂದರು ತರಬೇತಿಯವರು. ಅಮ್ಮ ಫೋನಿನಲ್ಲಿ ಬೇರೆಯದೇ ಹೇಳಿದಳು.

"ಎಲ್ಲಾರಿಗೂ ಯಾಕೋ ತೋರಿಸ್ದೆ? ದೃಷ್ಟಿಯಾಗಿದೆ ಅದಕ್ಕೆ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮೂರು ಸಲ ನಿವಾಳ್ಸಿ ಬೆಂಕಿಗೆ ಹಾಕು. ಘಾಟು ಬರಲಿಲ್ಲ ಅಂದ್ರೆ ದೃಷ್ಟಿ ಆಗಿತ್ತು ಅಂತ ಲೆಕ್ಕ."

ನಾನು ಎಂಜಿನಿಯರಿಂಗ್ ಓದಿದವನು. ಆದರೆ ಜ್ವರ ಬಂದಾಗಲೆಲ್ಲ ಅಮ್ಮ ನನಗೆ ನಿವಾಳಿಸಿದ್ದಳು, ಜ್ವರ ಬಿಟ್ಟೂ ಇತ್ತು. ಭಾನುವಾರ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಸೋಫಾದ ಕಡೆಗೆ ಮುಷ್ಟಿ ತಿರುಗಿಸಿ, ಕೆಂಪಗೆ ಕಾದ ಬಾಣಲೆಗೆ ಎಲ್ಲವನ್ನೂ ಸುರಿದೆ.

ಘಾಟು ಬಂತು. ಅಯ್ಯೋ, ಎಂಥ ಘಾಟು! ಅಮ್ಮನ ಲೆಕ್ಕದಲ್ಲೇ ನೋಡಿದರೂ ದೃಷ್ಟಿ ಆಗಿರಲೇ ಇಲ್ಲ. ಚಾವಣಿಯ ಹೊಗೆ ಅಲಾರಂ ಕಿವಿ ಹರಿಯುವಂತೆ ಬಡಿದುಕೊಳ್ಳತೊಡಗಿತು. ಅಡುಗೆಮನೆಯದರ ಹಿಂದೆಯೇ ಹಾಲಿನದೂ ಶುರುವಾಯಿತು. ಸೋಫಾದ ಸಂದಿಯಿಂದ ಹೊರಬಿದ್ದ ಅವಳು ಗೋಡೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತ ಸುತ್ತಿದಳು. ಕಣ್ಣು ಉರಿ, ಕೆಮ್ಮು, ನನಗೆ ತಲೆಯೇ ಓಡಲಿಲ್ಲ. ಹೊಗೆ ಹೋಗಲೆಂದು ಹಿತ್ತಲ ಕಡೆಯ ಗಾಜಿನ ಬಾಗಿಲನ್ನು ಪೂರ್ತಿ ಎಳೆದುಬಿಟ್ಟೆ. ಕಾಲ ಸಂದಿಯಿಂದ ಏನೋ ನುಸುಳಿತು. ಹೆಂಡತಿ ಒದ್ದೆ ಕೂದಲಲ್ಲಿ ಓಡಿಬಂದು ನನ್ನ ಮುಖ ನೋಡಿದಳು, ಬಾಣಲೆ ನೋಡಿದಳು, ತೆರೆದ ಬಾಗಿಲು ನೋಡಿದಳು. ಒಲೆ ಆರಿಸಿ, ಬೆಲ್ಟು ಎತ್ತಿಕೊಂಡು ಹೊರಗೆ ಓಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಆರು ದಿನ. ತಪ್ಪಿಸಿಕೊಂಡ ನಾಯಿಯನ್ನು ಕೂಗುತ್ತ ಹುಡುಕಬಾರದು, ಇನ್ನೂ ದೂರ ಓಡುತ್ತದೆ ಅಂದರು ತರಬೇತಿಯವರು. ನಾನು ತೊಟ್ಟು ಬಿಟ್ಟ ಅಂಗಿಯನ್ನು ಹೊಲದಂಚಿನ ಬೋನಿನಲ್ಲಿಟ್ಟು ನನ್ನನ್ನು ಮನೆಯಲ್ಲೇ ಕೂರಿಸಿದರು. ಎಸ್-ಬಾನ್ ಲೋಕಲ್ ರೈಲು ಹೋದ ಸದ್ದು ಕೇಳಿದಾಗಲೆಲ್ಲ ಹಳಿ ಕಣ್ಣ ಮುಂದೆ ಬರುತ್ತಿತ್ತು. ಅಮ್ಮ ಫೋನ್ ಮಾಡಿ, "ಎಷ್ಟು ಕೆಟ್ಟ ದೃಷ್ಟಿಯಾಗಿತ್ತು ನೋಡು," ಅಂದಳು. "ಸಾಕು ಸುಮ್ನಿರಮ್ಮಾ!" ಅಂತ ಕಿರುಚಿ ಫೋನಿಟ್ಟೆ. ಪಾಪ, ಅವಳ ತಪ್ಪೇನು? ಚಾವಣಿಯಲ್ಲಿ ಏನಿದೆ ಅಂತ ಗೊತ್ತಿದ್ದದ್ದು ನನಗೆ.

ಏಳನೇ ದಿನ ಬೋನಿಗೆ ಬಿದ್ದಳು. ಪಾದ ಸುಲಿದಿತ್ತು, ಪಕ್ಕೆಲುಬು ಎದ್ದಿತ್ತು. ಮನೆಗೆ ತಂದೆವು. ಆಮೇಲೆ ನನ್ನ ಕೈ ಕಂಡರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತಿದ್ದಳು. ಒಲೆ ಹೊತ್ತಿಸಿದ ಟಿಕ್ ಸದ್ದಿಗೆ ಗಡಗಡ ನಡುಗುತ್ತಿದ್ದಳು. ಒಗ್ಗರಣೆ ಹಾಕುವುದನ್ನೇ ಬಿಟ್ಟೆವು. ಪ್ರಯೋಜನವಾಗಲಿಲ್ಲ.

ಆಗಸ್ಟಿನಲ್ಲಿ ತರಬೇತಿಯವರು ಚಹಾ ಮುಗಿಸಿ, ಈಗ ಅವಳಿಗೆ ಈ ಮನೆಯೇ ಭಯ ಅಂದರು. ಆ ಮನೆಯಲ್ಲಿ ನಾನೂ ಸೇರಿದ್ದೆ, ಅದನ್ನು ಆಕೆ ಮರ್ಯಾದೆಗೆ ಹೇಳಲಿಲ್ಲ. ದೂರದ ಹಳ್ಳಿಯಲ್ಲಿ ಒಬ್ಬರು ಸಾಕಲು ತಯಾರಿದ್ದಾರಂತೆ. ದೊಡ್ಡ ಹಿತ್ತಲು, ಜೊತೆಗೆ ಎರಡು ಮುದಿ ನಾಯಿ. ನಾನು ಒಂದು ತಿಂಗಳು ಒಪ್ಪಲಿಲ್ಲ. ಅವಳು ಸೊರಗುತ್ತಿದ್ದದ್ದು ಕಾಣುತ್ತಿತ್ತು, ಆದರೂ ಒಪ್ಪಲಿಲ್ಲ. ಅದನ್ನು ಪ್ರೀತಿ ಅಂತಲೇ ತಿಳಿದಿದ್ದೆ. ಕೊನೆಗೊಂದು ದಿನ ಹೆಂಡತಿ, "ಇನ್ನೂ ಯಾರಿಗೋಸ್ಕರ ಇಟ್ಕೊಂಡಿದೀಯಾ?" ಅಂತ ಕೇಳಿದಳು. ಮಾರನೇ ದಿನವೇ ಅವಳನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದೆ.

ನವೆಂಬರಿನಲ್ಲಿ ಆ ಮನೆಯವರು ಒಂದು ವಿಡಿಯೋ ಕಳಿಸಿದರು. ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ನೋಡಿದೆ. ಹುಲ್ಲಿನ ಮೇಲೆ ಅವಳು ಅಂಗಾತ ಬಿದ್ದಿದ್ದಾಳೆ, ನಾಲ್ಕು ಕಾಲೂ ಆಕಾಶಕ್ಕೆ. ಯಾರದೋ ಸುಕ್ಕುಗಟ್ಟಿದ ಕೈ ಹೊಟ್ಟೆ ಸವರುತ್ತಿದೆ. ಹೊಟ್ಟೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ಏಳು ತಿಂಗಳು ನನ್ನ ಮನೆಯಲ್ಲಿದ್ದ ನಾಯಿಗೆ ಅಂಥದ್ದೊಂದು ಮಚ್ಚೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.