ಒಂದು ಕಾಸೂ ತಪ್ಪದ ಲೆಕ್ಕ

ದಡಬಡ, ದಡಬಡ ಎನ್ನುವ ಆ ಸದ್ದಿಗೇ ಬೀದಿಯವರಿಗೆ ಬೆಳಗಾಗುತ್ತಿತ್ತು. ಲಾಂಡ್ರಿ ಅಕ್ಕನ ಹಳೆಯ ಯಂತ್ರ ಬಟ್ಟೆ ಹಿಂಡುವ ಸದ್ದು ಅದು. ಮೊದಲು ಗೊಣಗಿಕೊಂಡು, ಆಮೇಲೆ ರಭಸ ಹಿಡಿದು, ಕೊನೆಗೆ ಯಾರೋ ಸಿಟ್ಟಿನಲ್ಲಿ ಬಾಗಿಲು ಒದ್ದ ಹಾಗೆ ಮೂರು ಸಲ ಬಡಿದು ನಿಲ್ಲುತ್ತಿತ್ತು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಅವಳ ಸಂಸಾರ. ಗಂಡ ಕೆಳಗಿಳಿದು ದಿನದ ಮೊದಲ ಗಂಟು ಬಟ್ಟೆಯನ್ನು ಯಂತ್ರಕ್ಕೆ ಹಾಕಿದ ಮೇಲೆ ಅವಳು ಒಲೆಯ ಮುಂದೆ ನಿಂತೇ ಆ ಬಡಿತಗಳನ್ನು ಎಣಿಸುತ್ತಿದ್ದಳು. ಈಚೆಗೆ ಮೂರು ಹೋಗಿ ಐದಾಗಿತ್ತು.

ಅವಳಿಗೆ ನಲವತ್ತಾರು. ಹದಿನಾಲ್ಕು ವರ್ಷದ ಹಿಂದೆ ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಕುಂಟು ಮೇಜು ಇಟ್ಟುಕೊಂಡು ಶುರು ಮಾಡಿದ ಅಂಗಡಿ. ಈಗ ಎರಡು ಲಾಡ್ಜುಗಳ ಹಾಸಿಗೆ ಬಟ್ಟೆ, ಟವೆಲು ಅವಳಲ್ಲಿಗೇ ಬರುತ್ತಿದ್ದವು. ಕಣ್ಣು ಮುಚ್ಚಿ ಮೂಸಿದರೂ ಯಾವ ಟವೆಲು ಯಾವ ಲಾಡ್ಜಿನದು ಎಂದು ಹೇಳಬಲ್ಲಳು. ಗಂಡ ವ್ಯಾನಿನಲ್ಲಿ ಬಟ್ಟೆ ತರುವುದು, ತಲುಪಿಸುವುದು ಮಾಡುತ್ತಿದ್ದ. ಯಾರಾದರೂ ಏನು ಕೆಲಸ ಎಂದು ಕೇಳಿದರೆ, ಅವಳ ಡ್ರೈವರ್, ಬಿಡುವಿದ್ದಾಗ ಗಂಡ, ಎನ್ನುತ್ತಿದ್ದ.

ಪಕ್ಕದ ಬೀದಿಯ ಹೆರಿಗೆ ಆಸ್ಪತ್ರೆಯವರು ತಮ್ಮಲ್ಲಿಯ ಅಷ್ಟೂ ಬಟ್ಟೆ ಕೊಡುತ್ತೇವೆಂದು ಹೇಳಿ ಕಳಿಸಿದ್ದರು. ಒಂದೇ ಷರತ್ತು: ತಿಂಗಳು ಮುಗಿಯುವುದರೊಳಗೆ ದೊಡ್ಡ ಯಂತ್ರ ಬರುವುದು ಖಾತ್ರಿಯಾಗಿರಬೇಕು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಅವರದೂ ಒಂದೇ ಷರತ್ತು: ಮೂರು ವರ್ಷದ ಲೆಕ್ಕದ ಮೇಲೆ ಆಡಿಟರ್ ಸಹಿ ಬಿದ್ದಿರಬೇಕು. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಆಡಿಟರ್ ಎಂಬ ಪ್ರಾಣಿಯನ್ನು ಅವಳು ಅದುವರೆಗೆ ಕಂಡವಳೇ ಅಲ್ಲ.

ಯಾಕೆಂದರೆ ಅವಳಿಗೆ ಚಿಕ್ಕಪ್ಪ ಇದ್ದರು. ಅಪ್ಪನ ತಮ್ಮ. ನೂಲಿನ ಮಿಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ದಿನವೂ ಸಂಜೆ ಐದಕ್ಕೆ ಬಂದು, ಗಲ್ಲಾಪೆಟ್ಟಿಗೆ ಮುಂದೆ ಎಳೆದುಕೊಂಡು, ಚಿಲ್ಲರೆಯನ್ನು ಸಾಲಾಗಿ ಜೋಡಿಸಿ, ನೀಲಿ ಶಾಯಿಯಲ್ಲಿ ದಿನದ ಲೆಕ್ಕ ಬರೆದು, ಕೆಳಗೆ ಅಡಿಪಟ್ಟಿ ಇಟ್ಟು ಎರಡು ಗೆರೆ ಎಳೆಯುವರು. ತೆರಿಗೆಯ ಅರ್ಜಿ ತುಂಬುವುದೂ ಅವರೇ. ಇಷ್ಟಕ್ಕೆಲ್ಲ ಬಿಡಿಗಾಸೂ ತೆಗೆದುಕೊಂಡವರಲ್ಲ. ಅದೇ ಕಷ್ಟ. ಸಂಬಳ ತೆಗೆದುಕೊಳ್ಳುವವರನ್ನು ಬಿಡಿಸಬಹುದು, ಬೈಯಬಹುದು. ಪುಕ್ಕಟೆ ಕೆಲಸ ಮಾಡುವ ಹಿರಿಯರಿಗೆ ಏನೆಂದು ಹೇಳುವುದು?

ಆಡಿಟರ್ ವಿಷಯ ಎತ್ತಿದಾಗ ಚಿಕ್ಕಪ್ಪ ಮುಖ ಗಂಟು ಹಾಕಿಕೊಳ್ಳಲಿಲ್ಲ. ಕನ್ನಡಕ ಒರೆಸಿಕೊಂಡರು. ನೋಡಲಿ ಬಿಡು, ಒಂದೇ ಒಂದು ತಪ್ಪು ತೋರಿಸಲಿ, ಅವತ್ತೇ ಪೆನ್ನು ಕೆಳಗಿಡ್ತೀನಿ, ಎಂದರು. ಗಂಡ ಮಾತ್ರ ವ್ಯಾನಿನ ಬಾಗಿಲಲ್ಲಿ ನಿಂತು, ಇಬ್ಬರಲ್ಲಿ ಒಬ್ಬರನ್ನ ಇಟ್ಟುಕೋ ಕಣೇ, ಇಬ್ಬರನ್ನೂ ಸಾಕೋಕೆ ನಾವೇನು ಮಿಲ್ಲು ನಡೆಸ್ತಾ ಇದೀವಾ, ಎಂದು ನಕ್ಕ.

ಆಡಿಟರ್ ಕಚೇರಿ ಎರಡು ಮಹಡಿ ಮೇಲೆ. ಕಾಯುವವರಿಗೆ ಒಂದೇ ಬೆಂಚು, ಅದರ ಅರ್ಧಕ್ಕೆ ಫೈಲುಗಳು. ಮುಕ್ಕಾಲು ಗಂಟೆ ಕೂರಿಸಿ ಒಳಗೆ ಕರೆದವನು ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಮೆತ್ತಗೆ. ಲೆಕ್ಕ ಬರೆಯುವವರ ಕೆಲಸ ಬೇರೆ, ತನ್ನ ಕೆಲಸ ಬೇರೆ ಎಂದು ವಿವರಿಸಿದ. ಅವರು ನಡೆದದ್ದನ್ನು ದಿನದಿನ ಬರೆದಿಡಬೇಕು, ತಾನು ಅದನ್ನು ಓದಿ ಅಂಗಡಿ ಬದುಕುತ್ತದೋ ಇಲ್ಲವೋ ಹೇಳಬೇಕು. ಬೇಕಿದ್ದರೆ ಬರೆಯುವುದಕ್ಕೂ ತನ್ನಲ್ಲಿ ಒಬ್ಬ ಹುಡುಗಿ ಇದ್ದಾಳೆ. ತಿಂಗಳಿಗೆ ಅವನು ಹೇಳಿದ ಫೀಸು ಕೇಳಿ ಅವಳು ಮನಸ್ಸಿನಲ್ಲೇ ಅದನ್ನು ಬೆಡ್‌ಶೀಟುಗಳಿಗೆ ತಿರುಗಿಸಿದಳು. ಇನ್ನೂರ ಹತ್ತು ಬೆಡ್‌ಶೀಟು, ಇಸ್ತ್ರಿ ಸಮೇತ. ಮೂರು ವರ್ಷದ ಹಳೆಯ ಪುಸ್ತಕಗಳನ್ನು ಒಪ್ಪಿಸಿ ಬಂದಳು.

ಐದು ದಿನ ಸುದ್ದಿಯಿಲ್ಲ. ಆರನೆಯ ದಿನ ಕರೆ ಬಂತು. ತಪ್ಪುಗಳ ದೊಡ್ಡ ಪಟ್ಟಿಯೇ ಇರಬಹುದೆಂದು ಎದೆ ಗಟ್ಟಿ ಮಾಡಿಕೊಂಡೇ ಅವಳು ಮೆಟ್ಟಿಲು ಹತ್ತಿದಳು.

“ತಪ್ಪು ಒಂದೂ ಇಲ್ಲ,” ಎಂದ ಅವನು. “ಅದೇ ತೊಂದರೆ ಮೇಡಂ. ಮೂರು ವರ್ಷದಲ್ಲಿ ಒಂದು ಸಂಜೆಯೂ ಒಂದು ಕಾಸು ಹೆಚ್ಚಿಲ್ಲ, ಕಮ್ಮಿ ಇಲ್ಲ. ದಿನವಿಡೀ ಚಿಲ್ಲರೆ ಕೊಡೋ ಅಂಗಡೀಲಿ ಇದು ಸಾಧ್ಯಾನೇ ಇಲ್ಲ. ಯಾರೋ ಕೂತು ಕಟ್ಟಿದ ಲೆಕ್ಕ ಇದು. ಇದಕ್ಕೆ ನಾನು ಸಹಿ ಹಾಕಿದ್ರೆ ಬ್ಯಾಂಕಿನವರು ನಗ್ತಾರೆ.”

ಅವಳಿಗೆ ಮೈಯೆಲ್ಲ ಉರಿಯಿತು. ಕಲೆ ಇದೆ ಎಂದು ಬಟ್ಟೆ ವಾಪಸ್ಸು ತಂದವರನ್ನು ಅವಳು ಕಂಡಿದ್ದಳು. ಕಲೆಯೇ ಇಲ್ಲ, ಆದ್ದರಿಂದ ಅನುಮಾನ ಎನ್ನುವ ಗಿರಾಕಿ ಇವನೊಬ್ಬನೇ. ಚಿಕ್ಕಪ್ಪ ಕಳ್ಳಲೆಕ್ಕ ಬರೆಯುವ ಜನವಲ್ಲ ಎಂದು ಹೇಳಿದಳು. ಹಾಗೆಂದು ತಾನೂ ಹೇಳಿಲ್ಲ, ಹೇಗೆ ಸರಿಹೋಯಿತು ಎಂದು ಅವರನ್ನೇ ಕೇಳಿ ಬನ್ನಿ, ಎಂದ ಅವನು.

ಅಂದು ಸಂಜೆ ಅವಳು ಕೇಳಿದಳು. ಚಿಕ್ಕಪ್ಪ ಚಿಲ್ಲರೆ ಜೋಡಿಸುತ್ತಿದ್ದವರು ತಲೆಯೆತ್ತದೆಯೇ ಹೇಳಿದರು. ಮಿಲ್ಲಿನಲ್ಲಿ ಒಂದು ಕಾಸು ವ್ಯತ್ಯಾಸ ಬಂದರೂ ಮನೆಗೆ ಬಿಡುತ್ತಿರಲಿಲ್ಲವಂತೆ. ಇಲ್ಲಿ ಕಮ್ಮಿ ಬಂದ ದಿನ ತಮ್ಮ ಜೇಬಿನಿಂದ ಹಾಕುತ್ತಿದ್ದರು. ಹೆಚ್ಚು ಬಂದ ದಿನ ತೆಗೆದು ತಮ್ಮ ಬಳಿ ಇಟ್ಟುಕೊಂಡು, ಮುಂದಿನ ಕಮ್ಮಿಗೆ ಹಾಕುತ್ತಿದ್ದರು. ಲೆಕ್ಕ ಅಂದ ಮೇಲೆ ಕೂಡಿ ಬರಬೇಕಲ್ಲ.

“ಒಟ್ಟು ಎಷ್ಟು ಹಾಕಿದ್ದೀರಿ?”

“ಅದನ್ನ ಬರೆದಿಟ್ಟಿಲ್ಲ.”

“ಎಲ್ಲಾ ಬರೆದಿದ್ದೀರಲ್ಲ ಚಿಕ್ಕಪ್ಪ, ಪಿನ್ನು, ದಾರ, ಸೋಪಿನ ಚೂರು ಎಲ್ಲಾ. ಅದೊಂದು ಬರೆಯೋಕೆ ಏನಾಗಿತ್ತು?”

“ಅದು ಅಂಗಡಿ ಲೆಕ್ಕ ಅಲ್ಲವಲ್ಲಮ್ಮ.”

ಅವಳಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವರು ಕದ್ದಿದ್ದರೆ ಕೂಗಾಡಬಹುದಿತ್ತು. ತನ್ನ ಪಿಂಚಣಿಯಿಂದ ಅವಳ ಅಂಗಡಿಗೆ ತೇಪೆ ಹಚ್ಚಿದ ಮನುಷ್ಯನ ಮೇಲೆ ಕೂಗಾಡಲು ಬಾಯಿ ಬರಲಿಲ್ಲ. ಹಾಗೆಂದು ತನ್ನ ಅಂಗಡಿ ನಿಜವಾಗಿ ಎಷ್ಟು ಗಳಿಸಿತು ಎಂಬುದು ಅವಳಿಗೆ ಈಗ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಮರುದಿನ ಇದನ್ನೆಲ್ಲ ಕೇಳಿ ಆಡಿಟರ್ ಒಂದು ದಾರಿ ತೋರಿಸಿದ. ಲೆಕ್ಕ ಬರೆದವರು ನಡೆದದ್ದನ್ನು ಹೀಗೆ ಹೀಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಲಿ. ಮುಂದಿನ ಪುಸ್ತಕ ತನ್ನ ಹುಡುಗಿ ಬರೆಯಲಿ. ಆ ಹಾಳೆ ಹಿಡಿದುಕೊಂಡು ತಾನೇ ಬ್ಯಾಂಕಿಗೆ ಹೋಗಿ ಮಾತಾಡುತ್ತೇನೆ, ಎಂದ.

ನಾಲ್ಕು ದಿನ ಅವಳು ಚಿಕ್ಕಪ್ಪನ ಹಿಂದೆ ಬಿದ್ದಳು. ನಾಲ್ಕು ದಿನವೂ ಹಾಳೆ ಮೇಜಿನ ಮೇಲೆ ಬೆಳ್ಳಗೆ ಉಳಿಯಿತು. ನನ್ನ ಲೆಕ್ಕ ತಪ್ಪು ಅಂತ ನಾನೇ ಹೇಗೆ ಬರೆಯಲಿ, ಎಂಬುದೊಂದೇ ಮಾತು. ತಿಂಗಳು ಮುಗಿಯಲು ಒಂದು ದಿನ ಉಳಿದಾಗಲೂ ಅವರು ಐದಕ್ಕೇ ಬಂದರು, ಗಲ್ಲಾ ಎಳೆದುಕೊಂಡರು, ಎಣಿಸಿದರು. ಅವಳು ಎದುರು ಕೂತು ಇನ್ನೊಮ್ಮೆ ಕೇಳಿದಳು: ಆಸ್ಪತ್ರೆಯ ಬಟ್ಟೆ ಕೈತಪ್ಪಿದರೆ, ಹಳೆಯ ಯಂತ್ರವೂ ನಿಂತರೆ, ಬರೆಯುವುದಕ್ಕೆ ಯಾವ ಲೆಕ್ಕ ಉಳಿಯುತ್ತದೆ?

“ತಪ್ಪು ಅಂತ ಬರೀಬೇಡಿ. ನಡೆದದ್ದು ಬರೀರಿ, ಸಾಕು.”

“ನೋಡೋಣಮ್ಮ, ಅವಸರ ಏನು,” ಎಂದರು ಅವರು. ಹಾಗೆನ್ನುವಾಗಲೇ ಅವರ ಎಡಗೈ ಅಂಗಿಯ ಜೇಬಿಗೆ ಹೋಗಿ, ಎರಡು ನಾಣ್ಯ ತೆಗೆದು, ಸಾಲಿನ ಕೊನೆಗೆ ಸದ್ದಾಗದಂತೆ ಸೇರಿಸಿತು. ತಮ್ಮ ಕೈ ಏನು ಮಾಡಿತೆಂದು ಅವರಿಗೇ ಗೊತ್ತಾದಂತಿರಲಿಲ್ಲ. ಬಲಗೈ ಆಗಲೇ ಅಡಿಪಟ್ಟಿ ಹುಡುಕುತ್ತಿತ್ತು.

ಅವಳು ಆ ಎರಡು ನಾಣ್ಯಗಳನ್ನು ಬೇರೆ ಮಾಡಿ ಅವರ ಕಡೆಗೆ ತಳ್ಳಿದಳು. ಅವರ ಕೈಯ ಕೆಳಗಿನಿಂದ ಪುಸ್ತಕ ಎಳೆದುಕೊಂಡು, ಪೆನ್ನು ತೆಗೆದು, ದಿನದ ಲೆಕ್ಕದ ಕೊನೆಗೆ ಎರಡು ರೂಪಾಯಿ ಕಮ್ಮಿ ಎಂದು ತನ್ನ ವಕ್ರ ಅಕ್ಷರದಲ್ಲಿ ಬರೆದಳು. ಚಿಕ್ಕಪ್ಪ ಹಾಳೆ ಹರಿದುಹೋದಂತೆ ನೋಡಿದರು. ಅವಳು ಪುಸ್ತಕ ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದಳು.

“ನಾಳೆಯಿಂದಲೂ ನೀವು ಬನ್ನಿ ಚಿಕ್ಕಪ್ಪ, ಬರಬೇಡಿ ಅಂತ ನಾನು ಯಾವತ್ತೂ ಅನ್ನಲ್ಲ, ಆದ್ರೆ ಈ ಪುಸ್ತಕ ಇನ್ನು ಆಡಿಟರ್ ಕಚೇರಿ ಹುಡುಗಿ ಬರೀತಾಳೆ,” ಎನ್ನುತ್ತಲೇ ಅವಳು ಹೊಸ್ತಿಲು ದಾಟಿ, ಆಡಿಟರ್ ಕಚೇರಿ ಮುಚ್ಚುವುದರೊಳಗೆ ತಲುಪಬೇಕೆಂದು ಬೀದಿಗಿಳಿದು ಬಿರಬಿರನೆ ನಡೆದಳು.