ಅಧಿವೇಶನದ ಡ್ಯೂಟಿ ಮತ್ತು ಕಮಲವ್ವನ ಸರದಿ

ಹಸಿರು ಗೌನು ತೊಡಿಸಿ, ಬಳೆ ಬಿಚ್ಚಿಸಿ, ಕೈಗೆ ಸಲೈನಿನ ಸೂಜಿ ಚುಚ್ಚಿ, ನಮ್ಮ ಪಕ್ಕದ ಮನೆಯ ಕಮಲವ್ವನನ್ನು ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊರಗೆ ಕೂರಿಸಿದ್ದರು. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನರ್ಸ್ ಬಂದು, "ಮಾವಶೀ, ಆಜ್ ನಾಹೀ ಹೋಣಾರ್" ಎಂದರು. ಇವತ್ತು ಆಗುವುದಿಲ್ಲ.

ಯಾಕೆ? ಅರಿವಳಿಕೆ ಕೊಡುವ ಡಾಕ್ಟರನ್ನು ಅಧಿವೇಶನದ ಡ್ಯೂಟಿಗೆ ಕಳಿಸಲಾಗಿದೆ!

ನಾಗಪುರದ ಓದುಗರಿಗೆ ವಿವರಣೆ ಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಚಳಿಗಾಲ ಬಂತೆಂದರೆ ವಿಧಾನಮಂಡಲದ ಅಧಿವೇಶನಕ್ಕೆಂದು ರಾಜ್ಯದ ಶಾಸಕರೆಲ್ಲ ಮುಂಬೈಯಿಂದ ಇಲ್ಲಿಗೆ ಬಂದಿಳಿಯುತ್ತಾರೆ. ಹಿಂದೆಯೇ ಕಡತಗಳು, ಕಾರುಗಳು, ಮೋರ್ಚಾಗಳು. ಯಾರಿಗೆ ಯಾವಾಗ ಎದೆನೋವು ಬಂದೀತೋ ಎಂದು ಸರ್ಕಾರಿ ವೈದ್ಯರನ್ನೂ ಅಲ್ಲಿ ನಿಲ್ಲಿಸಲಾಗುತ್ತದೆ. (ಜನಪ್ರತಿನಿಧಿಗಳ ಆರೋಗ್ಯ ಮುಖ್ಯ, ಒಪ್ಪಿದೆ. ಅವರನ್ನು ಆರಿಸಿದ ಜನರದ್ದು?)

ಕಮಲವ್ವ ಗದಗದ ಕಡೆಯವರು. ಊರಂಚಿನ ಹಿಂಗಣಾದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನವಿಡೀ ನಿಂತು ಚಪಾತಿ ಹಿಟ್ಟು ನಾದುತ್ತಾರೆ. ಗರ್ಭಕೋಶ ಕೆಳಗೆ ಜಾರಿದೆ. ಭಾರ ಎತ್ತಿದರೆ, ಕೆಮ್ಮಿದರೆ, ಬಸ್ಸಿನಲ್ಲಿ ನಿಂತರೆ ಯಾತನೆ. ಪ್ರಾಣಕ್ಕೆ ಅಪಾಯವಿಲ್ಲವಾದ್ದರಿಂದ ಇದು 'ತುರ್ತಲ್ಲದ' ಶಸ್ತ್ರಚಿಕಿತ್ಸೆ. ಯಾರಿಗೆ ತುರ್ತಲ್ಲ? ನೋವುಣ್ಣುವವರನ್ನು ಕೇಳಿ ಇಟ್ಟ ಹೆಸರೇ ಇದು? ಹೆಂಗಸಿನ ನೋವು, ಅದರಲ್ಲೂ ಗುತ್ತಿಗೆ ಕೆಲಸದ ಹೆಂಗಸಿನ ನೋವು, ಎಷ್ಟು ಕಾಲ ಬೇಕಾದರೂ ಕಾಯಬಲ್ಲದು ಎಂಬ ನಂಬಿಕೆ ನಮ್ಮ ವ್ಯವಸ್ಥೆಗೆ ರಕ್ತಗತವಾಗಿದೆ.

ಜೊತೆಗೆ ಹೋಗಿದ್ದ ನಾನು ಹಕ್ಕು, ಸಂವಿಧಾನ, ಸಮಾನತೆ ಎಂದೆಲ್ಲ ದನಿ ಏರಿಸಿದೆ. "ಮ್ಯಾಡಮ್, ಮೇರೆ ಪೇ ಕಾಯಕೋ ಚಿಲ್ಲಾ ರಹೇ? ಮಂತ್ರಿ ಕೋ ಬೋಲೋ" ಎಂದರು ನರ್ಸ್. ನನ್ನ ಮೇಲೇಕೆ ಕೂಗಾಡುತ್ತೀರಿ, ಮಂತ್ರಿಗೆ ಹೇಳಿ ಎಂದು. ತಪ್ಪೇನಿಲ್ಲ. ಇಡೀ ವಾರ್ಡು ಅವರೊಬ್ಬರ ಮೇಲಿತ್ತು.

ಕಮಲವ್ವ ನಡುವೆ ಬಾಯಿ ಹಾಕಿದರು. "ಸುಮ್ಕಿರ್ರೀ ಅಕ್ಕಾರ. ಮೊದಲ ಒಂದ್ ಕಪ್ ಚಾ ಕುಡಿಸ್ರಿ. ನಿಮ್ಮ ಭಾಷಣದಾಗ ಸಕ್ರಿ ಇಲ್ಲ."

ಆಸ್ಪತ್ರೆಯೆದುರಿನ ಚಹಾದಂಗಡಿಯ ಟಿವಿಯಲ್ಲಿ ಅಧಿವೇಶನದ ನೇರ ಪ್ರಸಾರ. ಚರ್ಚೆ ಯಾವುದರ ಮೇಲೆ ಎನ್ನುತ್ತೀರಿ? ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುವವರ ಪಟ್ಟಿ! ಪಟ್ಟಿ ಬೆಳೆದಿದೆ ಎಂದು ವಿರೋಧ ಪಕ್ಷದವರು ಮೇಜು ಗುದ್ದಿದರು. ಬೆಳೆಸಿದವರು ನೀವು, ಇಳಿಸುತ್ತಿರುವವರು ನಾವು ಎಂದು ಮಂತ್ರಿಗಳು ಇನ್ನೂ ಜೋರಾಗಿ ಗುದ್ದಿದರು. ಖಾಲಿ ಹುದ್ದೆಗಳೆಷ್ಟು, ಥಿಯೇಟರುಗಳಿಗೆ ಬೀಗ ಯಾಕೆ, ಅರಿವಳಿಕೆ ತಜ್ಞರು ಇವತ್ತು ಎಲ್ಲಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ, ಉತ್ತರ ಅದೇ ಆವರಣದಲ್ಲಿ ಸ್ಟೆತಸ್ಕೋಪು ಹಾಕಿಕೊಂಡು ಕುಳಿತಿತ್ತು.

ಕಮಲವ್ವ ಕಪ್ಪಿನಿಂದ ಸಾಸರಿಗೆ ಚಹಾ ಸುರಿದುಕೊಳ್ಳುತ್ತ, "ನಮ್ಮ ಸುದ್ದಿನ ಮಾತಾಡಾಕತ್ತಾರಲ್ರಿ! ಹಂಗಾರ ಡಾಕ್ಟರ್ನ ಯಾಕ ವಾಪಸ್ ಕಳಸವಲ್ರು?" ಎಂದರು. ಸದನದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ.

ಮರುದಿನ ಹೊಸ ತಾರೀಕು ಕೇಳಲು ಹೋದೆವು. ಅಧಿವೇಶನ ಮುಗಿದ ಮೇಲಿನದೇ ಸಿಗುತ್ತದೆ ಎಂದರು. ಅಷ್ಟರಲ್ಲಿ ಅರಿವಳಿಕೆಗೆ ಬೇಕಾದ ಫಿಟ್‌ನೆಸ್ ಪ್ರಮಾಣಪತ್ರ ಹಳತಾಗುತ್ತದೆ. ರಕ್ತ, ಇಸಿಜಿ, ಎಕ್ಸ್‌ರೇ, ಎಲ್ಲ ಮತ್ತೆ ಮೊದಲಿಂದ. ಆದರೆ ಕ್ಯಾಂಟೀನಿನ ಗುತ್ತಿಗೆದಾರ ರಜೆ ಕೊಟ್ಟದ್ದು ಈ ಒಂದು ಸಲಕ್ಕೆ. ಇನ್ನೊಮ್ಮೆ ಕೇಳಿದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದಾನೆ. (ಕಾರ್ಮಿಕ ಕಾನೂನು ಎಂಬುದೊಂದಿದೆ. ಅದೂ ಯಾವುದೋ ಡ್ಯೂಟಿಗೆ ಹೋಗಿರಬೇಕು.)

"ತಾರೀಖ್ ಹೋನಾ ಕಿ ನಹೀ?" ತಾರೀಕು ಬೇಕೋ ಬೇಡವೋ ಎಂದು ಕೌಂಟರಿನಾತ ಅವಸರಪಡಿಸಿದ. ಹಿಂದೆ ಉದ್ದನೆಯ ಸಾಲು.

ಕಮಲವ್ವ ಹಿಂದಿನ ಸಾಲಿನತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ರಹನೇ ದೋ, ಭಾವೂ. ಕಾಮ್ ಚಲಾ ಜಾಯೇಗಾ" ಎಂದರು. ಇರಲಿ ಬಿಡು, ಕೆಲಸ ಹೋಗುತ್ತದೆ.

ಆತ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಬಗ್ಗಿ ನೋಡಿದೆ: ರೋಗಿಗೆ ಇಚ್ಛೆಯಿಲ್ಲ.

"ಇಚ್ಛೆಯಿಲ್ಲ ಎಂದಲ್ಲ, ರಜೆಯಿಲ್ಲ ಎಂದು ಬರೆಯಿರಿ" ಎಂದು ಜಗಳಕ್ಕೇ ನಿಂತೆ. ಅಂಥ ಕಾಲಮ್ ಇಲ್ಲವಂತೆ. ಸಾಲು ಮುಂದೆ ಸರಿಯಿತು.

ಕಮಲವ್ವ ಈಗ ಮತ್ತೆ ಹಿಂಗಣಾದಲ್ಲಿ ಹಿಟ್ಟು ನಾದುತ್ತಿದ್ದಾರೆ. ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗಿದೆ. ಮಂತ್ರಿಗಳ ಲೆಕ್ಕ ಸುಳ್ಳಲ್ಲ.

ಸ್ವಾಮಿ, ಪಟ್ಟಿಯಿಂದ ಇಳಿದವರೆಲ್ಲ ಗುಣವಾದವರೇ?