ಲಾರಿಯ ಕಡತದಲ್ಲಿ ಸಿಕ್ಕ ಕೈ

ಟೈಲರಮ್ಮನ ಗಂಡನ ಬಲಗೈ ಭುಜದ ಮಟ್ಟಕ್ಕೂ ಏಳುವುದಿಲ್ಲ. ಇದು ಬೀದಿಯ ಎಲ್ಲರಿಗೂ ಗೊತ್ತು. ಸೇನೆಯ ದಾಖಲೆ ಕಚೇರಿಗೆ ಮಾತ್ರ ಗೊತ್ತಿರಲಿಲ್ಲ. ಅಲ್ಲಿ ಕಾಗದವಿಲ್ಲದ ಕೈ ಕೈಯೇ ಅಲ್ಲ.

ಟೈಲರಮ್ಮನ ಅಂಗಡಿ ಎಂಟಡಿ ಅಗಲ, ಹತ್ತಡಿ ಉದ್ದ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರೆಹೊಲಿದ ಕೋಟುಗಳು. ಗಿರಾಕಿಗಳು ಆಕೆಯ ಕತ್ತರಿಗಿಂತ ನಾಲಿಗೆಗೆ ಹೆಚ್ಚು ಹೆದರುತ್ತಾರೆ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವರಿಗೆ, "ಉಸಿರು ಬಿಡಿ ಸ್ವಾಮಿ, ಕೋಟು ಹೊಲಿಯೋದು ನಿಮಗೆ, ನಿಮ್ಮ ಆಸೆಗಲ್ಲ" ಎನ್ನುತ್ತಾಳೆ. ಗಂಡನ ಅಂಗಿಗಳನ್ನು ಮೊದಲಿನಿಂದಲೂ ತಾನೇ ಹೊಲಿಯುತ್ತಾಳೆ. ಬಲಗಡೆಯ ಕಂಕುಳನ್ನು ಎಡಗಡೆಗಿಂತ ಒಂದೂವರೆ ಇಂಚು ಸಡಿಲ ಬಿಡುತ್ತಾಳೆ, ಕೈ ಎತ್ತದೆಯೇ ತೋಳು ತೂರಲಿ ಎಂದು.

ಗಂಡನನ್ನು ಬೀದಿಯವರು ಡ್ರೈವರ್ ಎಂದೇ ಕರೆಯುತ್ತಾರೆ. ಆತ ಹದಿನೈದು ವರ್ಷ ಸೇನೆಯ ಲಾರಿ ಓಡಿಸಿದವನು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಕಂಬಳಿ ತುಂಬಿದ ಲಾರಿ ಬೆಟ್ಟದ ದಾರಿಯಲ್ಲಿ ಜಾರಿ ಕಂದಕಕ್ಕೆ ಬಿತ್ತು. ಭುಜದ ಮೂಳೆ ಮೂರು ಕಡೆ ಮುರಿಯಿತು. ನಾಲ್ಕು ತಿಂಗಳು ಆಸ್ಪತ್ರೆ, ಆಮೇಲೆ ಆರು ವರ್ಷ ಮತ್ತೆ ಲಾರಿ. ಸೇನೆ ಬಿಟ್ಟ ಮೇಲೆ ಶಾಲೆಯ ಬಸ್ಸು. ಹೋದ ವರ್ಷ ಒಂದು ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಲು ಹೋದರೆ ಕೈ ಬರಲಿಲ್ಲ. ಬಸ್ಸು ಕಾಂಪೌಂಡ್ ಗೋಡೆಗೆ ಒರಗಿ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಡ್ರೈವರ್ ಮಾತ್ರ ಬೀಗದ ಕೈಯನ್ನು ಶಾಲೆಯ ಮೇಜಿನ ಮೇಲಿಟ್ಟು ನಡೆದು ಮನೆಗೆ ಬಂದ.

ಸೇವೆಯಲ್ಲಿದ್ದಾಗ ಆದ ಗಾಯಕ್ಕೆ ಅಂಗವೈಕಲ್ಯ ಪಿಂಚಣಿ ಉಂಟು, ಸೇನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೂ ಉಂಟು. ಟೈಲರಮ್ಮ ಅರ್ಜಿ ಬರೆಸಿದಳು. ಉತ್ತರ ಬಂತು: ಗಾಯ ಸೇವೆಯಲ್ಲೇ ಆಗಿದ್ದಕ್ಕೆ ತೊಂಬತ್ತು ದಿನಗಳೊಳಗೆ ದಾಖಲೆ ಒದಗಿಸಿ, ಇಲ್ಲವಾದರೆ ಅರ್ಜಿಯನ್ನು ಕಾಯಂ ಆಗಿ ಮುಚ್ಚಲಾಗುವುದು.

ಆಕೆ ಅಂದೇ ದಾಖಲೆ ಕಚೇರಿಗೆ ಪತ್ರ ಹಾಕಿದಳು. ಅವರು ಉತ್ತರಿಸಲು ನಲವತ್ತೊಂದು ದಿನ ತೆಗೆದುಕೊಂಡರು. ಉತ್ತರ ಎರಡು ಸಾಲು: ಆಸ್ಪತ್ರೆಯ ಕಾಗದಗಳ ಆಯಸ್ಸು ಇಪ್ಪತ್ತೈದು ವರ್ಷ, ನಿಯಮದಂತೆ ಅವನ್ನು ಸುಡಲಾಗಿದೆ. ಜೊತೆಗೆ, ಸುಟ್ಟಿದ್ದಕ್ಕೆ ಮೂವರು ಅಧಿಕಾರಿಗಳು ಸಹಿ ಮಾಡಿದ ಪ್ರಮಾಣಪತ್ರದ ನಕಲು.

ಉಳಿದದ್ದು ನಲವತ್ತೊಂಬತ್ತು ದಿನ. ಆಕೆ ಅಂಗಡಿಗೆ ಬೀಗ ಹಾಕಿ ಗಂಡನನ್ನು ಎಬ್ಬಿಸಿಕೊಂಡು ಕಚೇರಿಗೇ ಹೋದಳು.

ಕಚೇರಿಯ ಕಿಟಕಿಯನ್ನು ಅಳೆದು ಕೊರೆದವನು ಯಾರೋ ಮನುಷ್ಯದ್ವೇಷಿಯೇ ಇರಬೇಕು. ನಿಂತರೆ ಬಗ್ಗಬೇಕು, ಬಗ್ಗಿದರೆ ಗುಮಾಸ್ತನ ಮುಖದ ಬದಲು ಅವನ ಲೋಟ ಕಾಣುತ್ತದೆ. ಟೈಲರಮ್ಮ ಲೋಟದ ಜೊತೆಗೇ ಮಾತಾಡಿದಳು.

"ನಮ್ಮ ಯಜಮಾನರ ಕಾಗದ ಸುಟ್ಟಿದ್ದೀರಂತೆ."

"ನಿಯಮ, ತಾಯಿ. ಇಪ್ಪತ್ತೈದು ವರ್ಷ ಆದ ಮೇಲೆ ಇಡೋ ಹಾಗಿಲ್ಲ."

"ಸುಟ್ಟಿದ್ದಕ್ಕೆ ಈ ಪ್ರಮಾಣಪತ್ರ ಕೊಟ್ಟಿದ್ದೀರಲ್ಲ, ಇದನ್ನ ಯಾವಾಗ ಸುಡ್ತೀರಿ?"

ಗುಮಾಸ್ತನಿಗೆ ನೋವಾಯಿತು. "ಅದು ಶಾಶ್ವತ ದಾಖಲೆ ತಾಯಿ! ಅದನ್ನ ಸುಡಕ್ಕಾಗುತ್ತಾ?"

"ಅಂದ್ರೆ ಬೂದಿಗೆ ಲೆಕ್ಕ ಇದೆ, ಮನುಷ್ಯನಿಗಿಲ್ಲ."

"ಇವರ ಸೇವಾ ಸಂಖ್ಯೆ ಹಾಕಿ ಮೂರು ಸಲ ಹುಡುಕಿದ್ದೀನಿ. ಇಲ್ಲ ಅಂದ್ರೆ ಇಲ್ಲ."

"ಇಲ್ಲದ ಕಡೆ ಮೂರು ಸಲ ಹುಡುಕಿದ್ದೀರಾ? ಪಾಪ, ಸುಸ್ತಾಗಿರಬೇಕು. ನೀರು ಕುಡೀರಿ, ಲೋಟ ಇಲ್ಲೇ ಇದೆ."

ಮೆಟ್ಟಿಲಿಳಿಯುವಾಗ ಡ್ರೈವರ್ ಹೇಳಿದ, "ಅವನ ಮೇಲೆ ಯಾಕೆ ರೇಗ್ತೀಯೇ? ಅವನೇನು ಮಾಡ್ತಾನೆ ಪಾಪ. ಆಗಲೂ ಹಾಗೇ. ಆಸ್ಪತ್ರೆಗೆ ಒಬ್ಬ ಅಧಿಕಾರಿ ಹನ್ನೊಂದು ಸಲ ಬಂದಿದ್ದ. ನನ್ನ ಕೈ ಹೇಗಿದೆ ಅಂತ ಒಂದು ಸಲಾನೂ ಕೇಳಲಿಲ್ಲ. ಬ್ರೇಕ್ ಹಿಡೀತಾ, ಟೈರ್ ಎಷ್ಟು ಹಳೇದು, ಜಾಕ್ ಎಲ್ಲಿ ಹೋಯ್ತು, ಬರೀ ಇದೇ."

ಟೈಲರಮ್ಮ ಮೆಟ್ಟಿಲ ಮೇಲೆ ನಿಂತಳು. "ಬರ್ಕೋತಿದ್ನಾ?"

"ಕೂತ್ಕೊಂಡು ಬರೀತಿದ್ದ. ಇಷ್ಟು ದಪ್ಪದ ಕಡತ."

"ಇಷ್ಟು ವರ್ಷ ಇದನ್ನ ಯಾಕ್ರೀ ಹೇಳಲಿಲ್ಲ?"

"ಅದು ಲಾರಿ ಕಡತ ಕಣೇ. ನನ್ನದಲ್ಲ."

ವಿಷಯ ಇಷ್ಟೇ ಆಗಿತ್ತು. ಸಾರಿಗೆ ದಳದಲ್ಲಿ ಎಲ್ಲವನ್ನೂ ಗಾಡಿಯ ಸಂಖ್ಯೆಯ ಕೆಳಗೆ ಬರೆಯುವುದು ಪದ್ಧತಿ. ಎಣ್ಣೆ, ಟೈರು, ಬಲ್ಬು, ಡ್ರೈವರು. ಹಾಗೆ ಬದುಕಿದವನಿಗೂ ತನ್ನ ಗಾಯ ಲಾರಿಯ ಕಡತದಲ್ಲಿರಬಹುದು ಎಂದು ಹೊಳೆಯಲೇ ಇಲ್ಲ. ದಾಖಲೆ ಕಚೇರಿಯವರಿಗೂ ಹೊಳೆಯಲಿಲ್ಲ, ಯಾಕೆಂದರೆ ಹೊಳೆಯುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ.

ವಾಹನಗಳ ಹಳೆಯ ಡಿಪೋ ಬಸ್ಸಿನಲ್ಲಿ ಆರು ಗಂಟೆಯ ದಾರಿ. ಮೊದಲ ಸಲ ಹೋದಾಗ ಅನುಮತಿ ಪತ್ರ ಬೇಕೆಂದರು. ಅನುಮತಿ ಪತ್ರಕ್ಕೆ ಹದಿನೆಂಟು ದಿನವಾಯಿತು. ಎರಡನೆಯ ಸಲ ಹೋದಾಗ ಬಾಗಿಲಲ್ಲಿ ಸ್ಟೋರ್ ಕೀಪರ್ ಇದ್ದ. ಒಣಕಲು ಮನುಷ್ಯ, ದಾರ ಕಟ್ಟಿದ ಕನ್ನಡಕ. ಡ್ರೈವರ್ ಅಭ್ಯಾಸದಂತೆ ನೆಟ್ಟಗೆ ನಿಂತು ತನ್ನ ಸೇವಾ ಸಂಖ್ಯೆ ಹೇಳಿದ.

"ಅದನ್ನ ಕಟ್ಕೊಂಡು ನಾನೇನು ಮಾಡ್ಲಿ?" ಎಂದ ಸ್ಟೋರ್ ಕೀಪರ್. "ಗಾಡಿ ನಂಬರ್ ಹೇಳಿ."

ಡ್ರೈವರ್ ಒಂದೇ ಉಸಿರಿಗೆ ಏಳು ಅಂಕಿ ಹೇಳಿದ. ಹೆಂಡತಿಯ ಹುಟ್ಟಿದ ದಿನ ಅಷ್ಟು ಸಲೀಸಾಗಿ ಆತನ ಬಾಯಿಗೆ ಎಂದೂ ಬಂದಿಲ್ಲ. ಆಕೆ ಅದನ್ನು ಗಮನಿಸಿದಳು. ಮನೆಗೆ ಹೋಗಿ ಜಗಳವಾಡಲು ಎತ್ತಿಟ್ಟುಕೊಂಡಳು.

ಕಡತ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಧೂಳು ಸಹ ಹೆಚ್ಚಿರಲಿಲ್ಲ.

"ಇದನ್ನ ಯಾಕೆ ಸುಟ್ಟಿಲ್ಲ?" ಎಂದು ಕೇಳಿದಳು ಟೈಲರಮ್ಮ.

"ಹೇಗೆ ಸುಡೋದಮ್ಮಾ? ಮುಗಿದ ಕಡತ ಆದ್ರೆ ಸುಡಬಹುದು. ಇದು ಮುಗಿದಿಲ್ಲ. ಜಾಕ್ ಸಿಕ್ಕಿಲ್ಲವಲ್ಲ." ಆತ ಪುಟ ತಿರುವಿ ತೋರಿಸಿದ. ಪ್ರತಿ ವರ್ಷ ಒಬ್ಬ ಅಧಿಕಾರಿ ಕಡತ ತೆರೆದು, 'ಜಾಕ್ ಒಂದು, ಪತ್ತೆಯಿಲ್ಲ' ಎಂದು ಬರೆದು ಸಹಿ ಹಾಕಿದ್ದ. ಇಪ್ಪತ್ತೊಂಬತ್ತು ಸಹಿಗಳು. ಒಂದು ಜಾಕಿಗಾಗಿ ಒಂದು ಸೇನೆ ಇಪ್ಪತ್ತೊಂಬತ್ತು ವರ್ಷ ಶೋಕ ಆಚರಿಸಿತ್ತು.

ಟೈಲರಮ್ಮ ಬೆರಳಿಟ್ಟು ಓದಿದಳು. ರೇಡಿಯೇಟರ್ ಒಡೆದಿದೆ. ಎಡ ದೀಪ ಪುಡಿಯಾಗಿದೆ. ಮುಂದಿನ ಗಾಜು ಇಲ್ಲ. ಕಂಬಳಿ ನಾನೂರ ಹದಿನಾರು, ಒದ್ದೆಯಾದವು ಮೂವತ್ತೆರಡು. ಹನ್ನೆರಡು ಪುಟ ಲಾರಿಗೆ, ಎರಡು ಪುಟ ಕಂಬಳಿಗೆ. ಮನುಷ್ಯ ಎಲ್ಲೂ ಇಲ್ಲ. ಕೊನೆಯ ಪುಟದ ಕೆಳಗೆ, ಚಾಲಕನ ಸಹಿಯ ಜಾಗದಲ್ಲಿ ಒಂದು ಮಸಿಯ ಹೆಬ್ಬೆಟ್ಟು. ಅದರ ಪಕ್ಕ ಸಣ್ಣಕ್ಷರದಲ್ಲಿ ಒಂದು ವಿವರಣೆ: 'ಈ ಅಪಘಾತದಲ್ಲಿ ಬಲಭುಜ ಮುರಿದು ಕೈ ಪ್ಲಾಸ್ಟರಿನಲ್ಲಿ ಇರುವುದರಿಂದ ಚಾಲಕನು ಸಹಿ ಮಾಡಲಾರ. ಎಡ ಹೆಬ್ಬೆಟ್ಟು ಪಡೆಯಲಾಗಿದೆ.'

ಸಹಿ ಯಾಕಿಲ್ಲ ಎಂದು ಮೇಲಿನವರು ಕೇಳಿಯಾರೆಂಬ ಭಯದಿಂದ ಯಾರೋ ಬರೆದ ಸಾಲು. ಆ ಭಯ ಇಲ್ಲದಿದ್ದರೆ ಕಾಗದದ ಮಟ್ಟಿಗೆ ಭುಜ ಮುರಿದೇ ಇರುತ್ತಿರಲಿಲ್ಲ.

ಡ್ರೈವರ್ ಬೇರೆ ಪುಟ ನೋಡುತ್ತಿದ್ದ. "ನೋಡೇ, ನನ್ನ ಲಾರಿ ರಿಪೇರಿ ಆಗಿ ಮತ್ತೆ ಒಂಬತ್ತು ವರ್ಷ ಓಡಿದೆ!"

"ಸಂತೋಷ. ಅದಕ್ಕಾದ್ರೂ ಸರಿಯಾದ ಡಾಕ್ಟರು ಸಿಕ್ಕಿದ್ನಲ್ಲ."

ಸ್ಟೋರ್ ಕೀಪರ್ ನಕ್ಕ. ಆ ಪುಟದ ನಕಲು ತೆಗೆದು, ಮೊಹರನ್ನು ಎರಡೆರಡು ಸಲ ಒತ್ತಿ ಕೊಟ್ಟ. "ಒಂದು ಮೊಹರು ಮಸುಕಾಗಿದೆ ಅಂತ ವಾಪಸ್ ಕಳಿಸ್ತಾರಮ್ಮಾ. ನನಗೆ ಅವರು ಗೊತ್ತು."

ಅರ್ಜಿ ತೀರ್ಮಾನಿಸುವ ಮೂವರು ಸದಸ್ಯರ ಮಂಡಳಿ ಎಂಬತ್ತೆಂಟನೆಯ ದಿನ ಕೂತಿತು. ನಿವೃತ್ತ ಅಧಿಕಾರಿಯಾದ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಯುವ ವೈದ್ಯೆ. ಜೊತೆಗೆ ಬಂದವರಿಗೆಂದು ಗೋಡೆ ಪಕ್ಕ ಹಾಕಿದ್ದ ಬೆಂಚಿನಲ್ಲಿ ಟೈಲರಮ್ಮ ಕೂತಳು. ಅಧ್ಯಕ್ಷ ಹೆಬ್ಬೆಟ್ಟಿನ ಪುಟ ಓದಿ ತಲೆಯಾಡಿಸಿದ. ಅಪಘಾತ ಸೇವೆಯಲ್ಲೇ ಆಗಿದೆ, ಸರಿ. ಆದರೆ ಕಾರ್ಯದರ್ಶಿ ಇನ್ನೊಂದು ಹಾಳೆ ಎತ್ತಿದ: ಸೇನೆ ಬಿಡುವಾಗ ನಡೆದ ತಪಾಸಣೆಯದು. ಅದಕ್ಕೆ ಇಪ್ಪತ್ಮೂರೇ ವರ್ಷ, ಸುಡುವ ವಯಸ್ಸಾಗಿರಲಿಲ್ಲ. 'ಯಾವ ತೊಂದರೆಯೂ ಇಲ್ಲವೆಂದು ಸ್ವತಃ ತಿಳಿಸಿದ್ದಾನೆ' ಎಂದಿತ್ತು. ನಿಜವನ್ನು ಸುಟ್ಟು ಸುಳ್ಳನ್ನು ಜೋಪಾನವಾಗಿ ಇಟ್ಟಿದ್ದರು.

ವೈದ್ಯೆ ಡ್ರೈವರನ ಕಡೆ ತಿರುಗಿದಳು. "ಈಗ ನೋವಿದೆಯಾ?"

ಡ್ರೈವರ್ ನೆಟ್ಟಗಾದ. "ಇಲ್ಲ ಮೇಡಂ."

ಕಾರ್ಯದರ್ಶಿಯ ಪೆನ್ನು ಕಾಗದದ ಕಡೆ ಇಳಿಯಿತು.

"ರೀ!" ಟೈಲರಮ್ಮ ಎದ್ದು ನಿಂತಿದ್ದಳು. "ಎಂಬತ್ತೆಂಟು ದಿನ ನಾನು ಏರಿಗೆ ಎಳೆದಿದ್ದೀನಿ, ನೀವು ನೀರಿಗೆ ಎಳೀತೀರಾ? ಡಾಕ್ಟರಮ್ಮ, ಅವರನ್ನ ಕೇಳಬೇಡಿ. ಅವರ ಬಾಯಿ ಇನ್ನೂ ನೌಕರಿಯಲ್ಲಿದೆ. ಆ ಕೈ ಎತ್ತಿ ನೋಡಿ."

"ಕೂತ್ಕೊಳ್ಳಿ" ಎಂದ ಅಧ್ಯಕ್ಷ. ಆಕೆ ಕೂರಲಿಲ್ಲ.

ವೈದ್ಯೆ ಮೊಣಕೈ ಹಿಡಿದು ನಿಧಾನವಾಗಿ ಎತ್ತಿದಳು. ಅರವತ್ತು ಡಿಗ್ರಿ. ಅರವತ್ತೈದು. ಎಪ್ಪತ್ತರ ಹತ್ತಿರ ಏನೋ ಕಟಕ್ಕೆಂದಿತು. ಅದು ಬೆಂಚಿನವರೆಗೂ ಕೇಳಿಸಿತು. ಡ್ರೈವರನ ಹಣೆಯಲ್ಲಿ ಬೆವರು ಒಡೆಯಿತು, ಬಾಯಿ ಮಾತ್ರ ಬಿಗಿದೇ ಇತ್ತು. ವೈದ್ಯೆ ಕೈಯನ್ನು ಇಳಿಸಿ, ಬಿಡದೆ ಹಿಡಿದುಕೊಂಡೇ ಮತ್ತೆ ಕೇಳಿದಳು:

"ಅಜ್ಜಾ, ನಾನು ನಿಮ್ಮ ಅಧಿಕಾರಿ ಅಲ್ಲ. ನೋವಿದೆಯಾ?"

ಡ್ರೈವರ್ ಎದುರಿನ ಗೋಡೆ ನೋಡಿದ.

"ಇದೆ ಮೇಡಂ" ಎಂದ. "ತುಂಬಾ ಇದೆ."

"ಯಾವಾಗಿಂದ?"

"ಆವತ್ತಿಂದಲೇ."

ವೈದ್ಯೆ ಎಪ್ಪತ್ತು ಎಂದು ಬರೆದಳು. ಅಧ್ಯಕ್ಷ ಹಳೆಯ ತಪಾಸಣೆಯ ಹಾಳೆಯನ್ನು ಕೆಳಗೆ ಹಾಕಿ, ಹೆಬ್ಬೆಟ್ಟಿನ ಪುಟವನ್ನು ಮೇಲಿಟ್ಟು, ಸೇವೆಯಲ್ಲಾದ ಗಾಯವೆಂದು ಮಂಡಳಿ ಒಪ್ಪಿದೆ ಎಂದು ಓದಿದ. ಶಸ್ತ್ರಚಿಕಿತ್ಸೆಗೆ ಚೀಟಿಯೂ ಆಯಿತು. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ.

ಬಸ್ ನಿಲ್ದಾಣದಲ್ಲಿ ಟೈಲರಮ್ಮ ಮುಖ ನೋಡದೆ ಕೇಳಿದಳು: "ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ?"

"ನೀನು ಕೇಳಿರಲಿಲ್ಲ ಕಣೇ."

"ಕೇಳಿದ್ರೆ ಇಲ್ಲ ಅಂತಿದ್ರಿ."

"ಅದೂ ನಿಜ" ಎಂದ ಡ್ರೈವರ್.

ಬಸ್ಸು ತುಂಬಿ ಬಂತು. ಆಕೆ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಮೊದಲು ಹತ್ತಿ, ಬಲಗಡೆಯ ಕಿಟಕಿ ಪಕ್ಕದ ಸೀಟು ಹಿಡಿದು ಗಂಡನನ್ನು ಅಲ್ಲಿ ಕೂರಿಸಿದಳು, ಮುರಿದ ಭುಜಕ್ಕೆ ಯಾರೂ ತಾಗದಂತೆ. ಮತ್ತೆ ತಾನು ಈಚೆ ಪಕ್ಕದಲ್ಲಿ ಅಡ್ಡವಾಗಿ ಕೂತು, ಹತ್ತಿ ಬರುವವರನ್ನು ಗುರಾಯಿಸತೊಡಗಿದಳು.